ಹೆಸರು, ನಕ್ಷತ್ರ, ಗೋತ್ರ

(ಕಾರ್ತಿಕ ಬಹುಳದ ಒಂದು ಸಂಜೆ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ದೇವಸ್ಥಾನದಲ್ಲಿ ಅರ್ಚನೆ ಚೀಟಿ ಕೊಟ್ಟರೆ ಅರ್ಚಕರು ಮೂರು ಮಾತು ಕೇಳುತ್ತಾರೆ: ಹೆಸರು, ನಕ್ಷತ್ರ, ಗೋತ್ರ. ಗೋತ್ರ ಎಂದಾಗ ನಮ್ಮಲ್ಲಿ ಹಲವರು ತಡವರಿಸಿ ಹೆಂಡತಿಯ ಮುಖ ನೋಡುತ್ತೇವೆ. ನಕ್ಷತ್ರ ಮಾತ್ರ ಬಾಯಿಪಾಠ. ಅಶ್ವಿನಿ, ಹಸ್ತಾ, ರೇವತಿ ಎಂದು ಥಟ್ಟನೆ ಬರುತ್ತದೆ. ಮದುವೆಯ ಮಾತುಕತೆಯಲ್ಲಿ ಹುಡುಗನ ಸಂಬಳಕ್ಕಿಂತ ಮೊದಲು ನಕ್ಷತ್ರ ಕೇಳುತ್ತಾರೆ. ಹುಡುಗಿಯದು ಮೂಲಾ ಎಂದರೆ ಇವತ್ತಿಗೂ ಗಂಡಿನ ಕಡೆಯವರು ಕೂತಲ್ಲೇ ಸ್ವಲ್ಪ ಸರಿದಾಡುತ್ತಾರೆ. ಸರಿ, ನನ್ನದೊಂದು ಪ್ರಶ್ನೆ. ನಿಮ್ಮಲ್ಲಿ ಎಷ್ಟು ಜನ ನಿಮ್ಮ ಜನ್ಮನಕ್ಷತ್ರವನ್ನು ಕಣ್ಣಾರೆ ನೋಡಿದ್ದೀರಿ? ಪಂಚಾಂಗದಲ್ಲಿ ಅಲ್ಲ, ಆಕಾಶದಲ್ಲಿ, ಇಗೋ ಇದೇ ಎಂದು ಬೆರಳು ಮಾಡಿ ತೋರಿಸುವ ಹಾಗೆ?

(ಇನ್ನೂರು ಜನರ ಸಭೆಯಲ್ಲಿ ನಾಲ್ಕು ಕೈ ಎದ್ದವು. ಅಚ್ಚಿಗೆ ಕೊಡುವಾಗ ಈ ಮಾತು ಸೇರಿಸಿದ್ದೇನೆ.)

ಯಾರ ನೆನಪಿಗೆ ಈ ದತ್ತಿ ಇದೆಯೋ ಆ ಮೇಷ್ಟ್ರ ಹೆಸರು ಆಮಂತ್ರಣದಲ್ಲಿದೆ. ಪದೇಪದೇ ಹೇಳಿದರೆ ಅವರಿಗೇ ಇರುಸುಮುರುಸು ಆಗುತ್ತಿತ್ತು, ಅದಕ್ಕೆ ಮೇಷ್ಟ್ರು ಎಂದಷ್ಟೇ ಕರೆಯುತ್ತೇನೆ. ಎಂಟನೆಯ ಕ್ಲಾಸಿನಲ್ಲಿ ಅವರು ನಮಗೆ ಕೋನಮಾಪಕ ಕೊಡುವ ಮೊದಲು ಕೈ ಕೊಟ್ಟರು. ತೋಳು ನೀಟಾಗಿ ಮುಂದೆ ಚಾಚಿ ಮುಷ್ಟಿ ಕಟ್ಟಿದರೆ ಆ ಮುಷ್ಟಿಯ ಅಗಲ ಹತ್ತು ಡಿಗ್ರಿ. ಕಿರುಬೆರಳು ಒಂದು ಡಿಗ್ರಿ. ಮಗುವಿನ ತೋಳು ಚಿಕ್ಕದು, ಮುಷ್ಟಿಯೂ ಚಿಕ್ಕದು, ಹಾಗಾಗಿ ಲೆಕ್ಕ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ. ಒಂದು ರಾತ್ರಿ ಅವರು ನಮ್ಮನ್ನು ಉತ್ತರಕ್ಕೆ ಮುಖ ಮಾಡಿ ನಿಲ್ಲಿಸಿ, ನೆಲದಂಚಿನಿಂದ ಧ್ರುವನಕ್ಷತ್ರದವರೆಗೆ ಮುಷ್ಟಿ ಪೇರಿಸಿ ಎಂದರು. ಎಲ್ಲರಿಗೂ ಒಂದೂವರೆ ಮುಷ್ಟಿಗೆ ಸ್ವಲ್ಪ ಕಡಿಮೆ ಬಂತು. ಮರುದಿನ ಕ್ಲಾಸಿನಲ್ಲಿ ಅಟ್ಲಾಸ್ ಬಿಚ್ಚಿ ಚಿತ್ರದುರ್ಗ ಸೀಮೆಯ ಅಕ್ಷಾಂಶ ತೋರಿಸಿದರು: ಹದಿನಾಲ್ಕು ಡಿಗ್ರಿ. ಧ್ರುವ ಎಷ್ಟು ಎತ್ತರದಲ್ಲಿ ಕಾಣುತ್ತಾನೋ ಅದೇ ನೀವು ನಿಂತ ಊರಿನ ಅಕ್ಷಾಂಶ. ಬೀದರಿಗೆ ಹೋದರೆ ಸುಮಾರು ಹದಿನೆಂಟು ಆಗುತ್ತದೆ, ಕನ್ಯಾಕುಮಾರಿಗೆ ಹೋದರೆ ಒಂದು ಮುಷ್ಟಿಯೂ ಇಲ್ಲ. ಭೂಮಿ ಗುಂಡಗಿದೆ ಎಂದು ಪುಸ್ತಕದಲ್ಲಿ ಓದಿದ್ದೆ. ನನ್ನ ಕೈಯೇ ಅದನ್ನು ಅಳೆದದ್ದು ಆ ರಾತ್ರಿ.

ಈಗ ನಕ್ಷತ್ರದ ಮಾತಿಗೆ ಬರೋಣ. ನಾವು ಈ ಶಬ್ದವನ್ನು ಮೂರು ಕಡೆ ಬಳಸುತ್ತೇವೆ, ಮೂರನ್ನೂ ಕಲಸಿ ಮುದ್ದೆ ಮಾಡಿಕೊಂಡಿದ್ದೇವೆ. ಚಂದ್ರ ಆಕಾಶವನ್ನು ಒಂದು ಸುತ್ತು ಹಾಕಲು ಇಪ್ಪತ್ತೇಳು ದಿನದ ಮೇಲೆ ಕೆಲವು ಗಂಟೆ ಬೇಕು. ಆ ದಾರಿಯನ್ನು ಇಪ್ಪತ್ತೇಳು ಪಾಲು ಮಾಡಿ, ಒಂದೊಂದು ಪಾಲಿಗೆ ಅಲ್ಲಿನ ಒಂದು ಗುರುತಿನ ತಾರೆಯ ಹೆಸರಿಟ್ಟರು. ನೀವು ಹುಟ್ಟಿದ ಹೊತ್ತಿಗೆ ಚಂದ್ರ ಯಾವ ಪಾಲಿನಲ್ಲಿದ್ದನೋ ಅದು ನಿಮ್ಮ ನಕ್ಷತ್ರ. ಪಂಚಾಂಗದಲ್ಲಿ ದಿನಕ್ಕೊಂದು ಬದಲಾಗುವುದೂ ಅದೇ. ಆದರೆ ನಮ್ಮ ರೈತ ಮೃಗಶಿರಾ ಮಳೆ, ಆರಿದ್ರಾ ಮಳೆ, ಹುಬ್ಬೆ ಮಳೆ ಎನ್ನುವಾಗ ಚಂದ್ರನ ಲೆಕ್ಕ ಹಿಡಿದಿಲ್ಲ. ಅದು ಸೂರ್ಯನ ಲೆಕ್ಕ. ಸೂರ್ಯ ಒಂದು ಪಾಲು ದಾಟಲು ಹದಿಮೂರು ಹದಿನಾಲ್ಕು ದಿನ ತೆಗೆದುಕೊಳ್ಳುತ್ತಾನೆ, ಅದಕ್ಕೇ ಒಂದೊಂದು ಮಳೆಯ ಆಯಸ್ಸೂ ಅಷ್ಟೇ. ಈಗ ನಡೆಯುತ್ತಿರುವುದು ವಿಶಾಖ ಮಳೆಯ ಕೊನೆ. ಇನ್ನೆರಡು ಮೂರು ದಿನಕ್ಕೆ ಅನೂರಾಧ.

ಇಲ್ಲೊಂದು ಸ್ವಾರಸ್ಯವಿದೆ, ನನಗೆ ಇದು ಹೊಳೆಯಲು ಐವತ್ತು ವರ್ಷ ಬೇಕಾಯಿತು. ಸೂರ್ಯ ಯಾವ ನಕ್ಷತ್ರದಲ್ಲಿ ಇರುತ್ತಾನೋ ಆ ನಕ್ಷತ್ರ ಕಾಣುವುದಿಲ್ಲ. ಅದು ಅವನ ಜೊತೆಗೇ ಹುಟ್ಟಿ, ಅವನ ಜೊತೆಗೇ ಮುಳುಗುತ್ತದೆ. ಅಂದರೆ ಮಳೆಯ ಹೆಸರು ಯಾವತ್ತೂ ಕಾಣದ ನಕ್ಷತ್ರದ ಹೆಸರು. ತಿಂಗಳ ಹೆಸರು ಇದಕ್ಕೆ ಸರಿಯಾಗಿ ತಿರುವುಮುರುವು. ಹುಣ್ಣಿಮೆಯ ಚಂದ್ರ ಕೃತ್ತಿಕೆಯ ಹತ್ತಿರ ಬಂದರೆ ಅದು ಕಾರ್ತಿಕ, ಮೃಗಶಿರದ ಹತ್ತಿರ ಬಂದರೆ ಮಾರ್ಗಶಿರ, ಮಖೆಯ ಹತ್ತಿರ ಬಂದರೆ ಮಾಘ. ಹುಣ್ಣಿಮೆ ಚಂದ್ರ ಸೂರ್ಯನಿಗೆ ಎದುರುಬದುರು ನಿಂತವನು. ಆದ್ದರಿಂದ ತಿಂಗಳ ನಕ್ಷತ್ರ ಸಂಜೆ ಮೂಡಿ, ನಡುರಾತ್ರಿ ನೆತ್ತಿಗೆ ಬಂದು, ಬೆಳಗಾಗುವಾಗ ಮುಳುಗುತ್ತದೆ. ಇಡೀ ರಾತ್ರಿ ನಮ್ಮ ಪಾಲಿಗೆ. ಪಟ್ಟಿ ಎಣಿಸಿ ನೋಡಿ: ಕೃತ್ತಿಕೆ ಮೂರನೆಯದು, ವಿಶಾಖ ಹದಿನಾರನೆಯದು. ಇಪ್ಪತ್ತೇಳರಲ್ಲಿ ಹದಿಮೂರು ಮನೆ ಆಚೆ, ಎದುರುಮನೆ. ಕಾರ್ತಿಕ ಮಾಸದಲ್ಲಿ ವಿಶಾಖ ಮಳೆ ಬರುವುದು ಕಾಕತಾಳೀಯ ಅಲ್ಲ. ಒಂದೇ ಆಕಾಶವನ್ನು ಹಗಲಿನ ಬದಿಯಿಂದ ರೈತ ಹೇಳಿದ, ರಾತ್ರಿಯ ಬದಿಯಿಂದ ಜೋಯಿಸ ಹೇಳಿದ. ಇಬ್ಬರ ಹಿಂದೆಯೂ ಯಾರೋ ರಾತ್ರಿಗಟ್ಟಲೆ ಕಣ್ಣು ಬಿಟ್ಟು ಕೂತಿದ್ದರು.

ಆ ಕೂತವರು ಹೋದರು, ಹೆಸರು ಮಾತ್ರ ನಮ್ಮ ಬಾಯಲ್ಲಿ ಉಳಿಯಿತು. ನಾನು ಇವತ್ತು ಹೇಳಲು ಬಂದದ್ದು ಇಷ್ಟೇ. ಮಿಕ್ಕದ್ದೆಲ್ಲ ಇದಕ್ಕೆ ಒಗ್ಗರಣೆ.

ನಮ್ಮಜ್ಜನಿಗೆ ಓದು ಬರಹ ಇರಲಿಲ್ಲ, ಗಡಿಯಾರವೂ ಇರಲಿಲ್ಲ. ಶೇಂಗಾ ಕಿತ್ತು ಕಣಕ್ಕೆ ಹಾಕುವ ಕಾಲ ಸರಿಯಾಗಿ ಇದೇ ಕಾರ್ತಿಕ. ಬಣವೆ ಕಾಯಲು ಅಜ್ಜ, ಚಿಕ್ಕಪ್ಪ, ಬಾಲಂಗೋಚಿಯಾಗಿ ನಾನು. ಕೆಳಗೆ ಹುಲ್ಲು, ಮೇಲೆ ಚಳ್ಳಕೆರೆ ಕಂಬಳಿ. ಅಜ್ಜ ಮೊದಲ ಪಾಳಿ ಮುಗಿಸಿ ಚಿಕ್ಕಪ್ಪನನ್ನು ಎಬ್ಬಿಸುವ ಹೊತ್ತನ್ನು ಮೂರು ಚುಕ್ಕಿ ಹೇಳುತ್ತಿದ್ದವು. ಒಂದೇ ಗೆರೆಯಲ್ಲಿ, ಒಂದೇ ಅಂತರದಲ್ಲಿ, ದಾರ ಹಿಡಿದು ಇಟ್ಟಂಥ ಮೂರು. ಅವು ನೆತ್ತಿಗೆ ಬಂದರೆ ಪಾಳಿ ಬದಲು. ಅವೇ ಮಹಾವ್ಯಾಧನ ನಡುಪಟ್ಟಿ ಎಂದು ನನಗೆ ಮೇಷ್ಟ್ರಿಂದ ತಿಳಿದದ್ದು ಆಮೇಲೆ. ನವೆಂಬರ್ ನಡುವಿನಲ್ಲಿ ಅವು ನೆತ್ತಿಯ ಗೆರೆ ಮುಟ್ಟುವುದು ರಾತ್ರಿ ಎರಡರ ಮೇಲೆ. ದಿನಕ್ಕೆ ನಾಲ್ಕು ನಿಮಿಷ ಮೊದಲಾಗುತ್ತ, ತಿಂಗಳಿಗೆ ಎರಡು ಗಂಟೆ ಹಿಂದೆ ಸರಿಯುತ್ತದೆ. ಅಂದರೆ ಕಣ ಮುಗಿಯುವ ಹೊತ್ತಿಗೆ ಅಜ್ಜನ ಪಾಳಿ ಎರಡು ಗಂಟೆ ಕಡಿಮೆಯಾಗಿ, ಚಿಕ್ಕಪ್ಪನದು ಅಷ್ಟೇ ಹೆಚ್ಚಾಗುತ್ತಿತ್ತು. ಚಿಕ್ಕಪ್ಪನಿಗೆ ಇದು ಗೊತ್ತಿರಲಿಲ್ಲ. ಅಜ್ಜನಿಗೆ ಗೊತ್ತಿತ್ತು ಎಂದೇ ನನ್ನ ಅನುಮಾನ.

ಕಾರ್ತಿಕವೇ ಯಾಕೆ? ಮುಂಗಾರು ನಾಲ್ಕು ತಿಂಗಳು ಗಾಳಿಯ ಧೂಳನ್ನು ತೊಳೆದು ಹೋಗಿರುತ್ತದೆ. ಬೇಸಿಗೆಯ ಆಕಾಶ ಕಪ್ಪಾಗಿ ಕಂಡರೂ ದಿಗಂತದ ಹತ್ತಿರ ಮಸುಕು. ಈಗ ಹಾಗಲ್ಲ, ಒಂದು ಮಳೆ ಬಿದ್ದು ಹೊಳವಾದ ರಾತ್ರಿ ತಾರೆಗಳು ನೆಲದಂಚಿನವರೆಗೂ ಇಳಿದು ಬರುತ್ತವೆ. ಆದರೆ ನಮ್ಮ ದಕ್ಷಿಣದ ಜಿಲ್ಲೆಗಳಿಗೆ ಹಿಂಗಾರಿನ ಕಾಟ ಇದ್ದದ್ದೇ. ಬಂಗಾಳ ಕೊಲ್ಲಿಯಲ್ಲಿ ಎಲ್ಲೋ ವಾಯುಭಾರ ಕುಸಿದರೆ ಇಲ್ಲಿ ಮೂರು ದಿನ ಬೂದಿಬಣ್ಣದ ಮೋಡ. ಈ ವಿಷಯದಲ್ಲಿ ವಿಜಯಪುರ, ಕಲಬುರಗಿ ಕಡೆಯವರು ಪುಣ್ಯವಂತರು. ಮಲೆನಾಡಿನವರಿಗೆ ಬೇರೆ ತೊಂದರೆ. ಒಮ್ಮೆ ಬೈನಾಕ್ಯುಲರನ್ನು ತೀರ್ಥಹಳ್ಳಿ ಕಡೆಯ ನೆಂಟರ ಮನೆಯ ಬೀರುವಿನಲ್ಲಿ ಮರೆತು ಬಂದೆ. ಮಳೆಗಾಲ ಕಳೆದು ತೆಗೆದರೆ ಮಸೂರದೊಳಗೆ ಬೂಷ್ಟು ಬಲೆ ಹೆಣೆದಿತ್ತು. ಚಂದ್ರನ ಸುತ್ತ ಕೂದಲು ಬೆಳೆದಂತೆ ಕಾಣುತ್ತಿತ್ತು.

ಇನ್ನು ಕೃತ್ತಿಕೆ. ಇವತ್ತು ಏಳೂವರೆ ಹೊತ್ತಿಗೆ ಪೂರ್ವದಲ್ಲಿ ಎರಡು ಮುಷ್ಟಿ ಎತ್ತರದಲ್ಲಿ ಇರುತ್ತದೆ. ಪುಟ್ಟ ಗೊಂಚಲು, ಚಾಚಿದ ಕೈಯ ಹೆಬ್ಬೆರಳಿನಲ್ಲಿ ಮುಚ್ಚಬಹುದು. ಸಾಮಾನ್ಯ ಕಣ್ಣಿಗೆ ಆರು. ಆರು ಜನ ಕೃತ್ತಿಕೆಯರು ಹಾಲೂಡಿಸಿದ್ದಕ್ಕೆ ಸುಬ್ರಹ್ಮಣ್ಯ ಷಣ್ಮುಖನಾದ, ಕಾರ್ತಿಕೇಯನಾದ. ಸಪ್ತರ್ಷಿಗಳ ಏಳು ಹೆಂಡಿರಲ್ಲಿ ಆರು ಜನ ಇಲ್ಲಿಗೆ ಬಂದರು, ಅರುಂಧತಿ ಮಾತ್ರ ವಸಿಷ್ಠನ ಪಕ್ಕ ಅಲ್ಲೇ ಉಳಿದಳು ಎಂಬ ಕಥೆ ನಿಮಗೆ ಗೊತ್ತು. ಗ್ರೀಕರೂ ಇವರನ್ನು ಏಳು ಅಕ್ಕತಂಗಿಯರು ಎಂದರು, ಒಬ್ಬಳು ಕಾಣೆಯಾದಳು ಎಂದರು. ಎರಡು ಕಡೆಯೂ ಹೆಸರಿಗೆ ಏಳು, ಎಣಿಸಿದರೆ ಆರು. ದೂರ ಸುಮಾರು 440 ಜ್ಯೋತಿರ್ವರ್ಷ. ಇವತ್ತು ಕಣ್ಣಿಗೆ ಬೀಳುವ ಆ ಬೆಳಕು ಹೊರಟಾಗ ಇಲ್ಲಿ ವಿಜಯನಗರದ ಅರಸರು ತಾಳಿಕೋಟೆಯಲ್ಲಿ ಸೋತು ಪೆನುಕೊಂಡೆಗೆ ಸರಿದಿದ್ದರು.

ಹುಡುಗನಾಗಿದ್ದಾಗ ಕಣದಲ್ಲಿ ಮಲಗಿ ನಾನು ಒಂಬತ್ತು ಎಣಿಸುತ್ತಿದ್ದೆ. ಅಜ್ಜ ನಂಬುತ್ತಿರಲಿಲ್ಲ. ಅರವತ್ತು ದಾಟಿದ ಮೇಲೆ ಆರೂ ಹೋಗಿ, ಗೋಡೆಗೆ ಸುಣ್ಣದ ಕೈ ಒರೆಸಿದಂಥ ಒಂದು ಕಲೆಯಾಯಿತು. ಆಕಾಶವೇ ಕೆಟ್ಟಿತು ಎಂದುಕೊಂಡೆ, ಕೆಟ್ಟದ್ದು ಕಣ್ಣು. ಪೊರೆ ಆಪರೇಷನ್ ಆಗಿ ಪಟ್ಟಿ ಬಿಚ್ಚಿದ ವಾರ ಮಾಳಿಗೆ ಹತ್ತಿದೆ. ಒಂದು, ಎರಡು, ಮೂರು, ನಾಲ್ಕು, ಐದು. ಸ್ವಲ್ಪ ಓರೆಯಾಗಿ ನೋಡಿದೆ, ಆರು. ಹೆಂಡತಿ ಕೆಳಗಿನಿಂದ, ಕಣ್ಣಿಗೆ ಗಾಳಿ ಹೊಡೆಸಿಕೊಳ್ಳಬೇಡಿ ಅಂದಿದ್ದಾರೆ ಡಾಕ್ಟ್ರು, ಇಳಿಯಿರಿ ಎಂದು ಕೂಗುತ್ತಿದ್ದಳು.

ಆ ಓರೆನೋಟಕ್ಕೆ ಕಾರಣ ಇದೆ. ಕಣ್ಣಿನ ಪರದೆಯ ನಟ್ಟನಡುವೆ ಬಣ್ಣ ಮತ್ತು ಸೂಕ್ಷ್ಮ ನೋಡುವ ಕೋಶಗಳಿವೆ, ಅವಕ್ಕೆ ಕತ್ತಲೆ ಆಗದು. ಮಬ್ಬು ಬೆಳಕು ಹಿಡಿಯುವ ಕೋಶಗಳು ಸುತ್ತಲೂ ಇವೆ. ಆದ್ದರಿಂದ ಮಸುಕಾದ ತಾರೆಯನ್ನು ದುರುಗುಟ್ಟಿ ನೋಡಿದರೆ ಮಾಯ, ಪಕ್ಕಕ್ಕೆ ನೋಡಿದರೆ ಹಾಜರ್. ಹೊಸ ಸೊಸೆಯ ಹಾಗೆ ಎನ್ನುತ್ತಿದ್ದರು ಮೇಷ್ಟ್ರು. ಈಗಿನ ಸೊಸೆಯರು ಹಾಗಿಲ್ಲ, ಬಿಡಿ. ಆ ಕೋಶಗಳು ಪೂರ್ತಿ ಎಚ್ಚರಗೊಳ್ಳಲು ಕತ್ತಲೆಯಲ್ಲಿ ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ನಡುವೆ ಒಂದೇ ಒಂದು ಸಲ ಮೊಬೈಲ್ ನೋಡಿದಿರೋ, ಲೆಕ್ಕ ಮೊದಲಿನಿಂದ. ನಕ್ಷೆ ನೋಡಲೇಬೇಕಿದ್ದರೆ ಟಾರ್ಚಿಗೆ ಕೆಂಪು ಗಾಜಿನ ಕಾಗದ ಕಟ್ಟಿಕೊಳ್ಳಿ, ಕೆಂಪು ಬೆಳಕು ಆ ಕೋಶಗಳನ್ನು ಅಷ್ಟಾಗಿ ಕೆಣಕುವುದಿಲ್ಲ.

ಕಾರ್ತಿಕ ಹುಣ್ಣಿಮೆಯ ದಿನ ಒಂದು ತಮಾಷೆ ಇದೆ. ಚಂದ್ರ ಕೃತ್ತಿಕೆಯ ಹತ್ತಿರ ಬರುತ್ತಾನೆ, ತಿಂಗಳಿಗೆ ಹೆಸರು ಕೊಡುತ್ತಾನೆ. ಆದರೆ ಅವನ ಬೆಳಕಿನಲ್ಲಿ ಕೃತ್ತಿಕೆಯೇ ಕಾಣುವುದಿಲ್ಲ. ಹಾಗಾದರೆ ಅವನು ಅಲ್ಲಿಗೆ ಬಂದ ಎಂದು ಹೇಗೆ ತಿಳಿದರು? ಹಿಂದಿನ ರಾತ್ರಿಗಳಲ್ಲಿ ನೋಡಿ, ಮುಂದಿನ ರಾತ್ರಿಗಳಲ್ಲಿ ನೋಡಿ, ನಡುವಿನದನ್ನು ಲೆಕ್ಕ ಹಾಕಿದರು. ನೋಟ ಮತ್ತು ಗಣಿತ ಕೈ ಹಿಡಿದದ್ದು ಇಂಥ ಕಡೆ.

ಅರುಂಧತಿಯ ಮಾತು ಬಂತಲ್ಲ. ಮದುವೆಯಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಮಂಟಪದಿಂದ ಹೊರಗೆ ಕರೆದು ಪುರೋಹಿತರು ಬೆರಳು ತೋರಿಸುತ್ತಾರೆ. ಕಂಡಿತಾ? ಕಂಡಿತು. ದಂಪತಿಗಳು ಸೇರಿ ಹೇಳುವ ಮೊದಲ ಸುಳ್ಳು ಅದು ಎಂದು ನಾನು ಎಷ್ಟೋ ಕಡೆ ಭಾಷಣದಲ್ಲಿ ನಗಿಸಿದ್ದೇನೆ. ಒಮ್ಮೆ ಕೂತು ಲೆಕ್ಕ ಹಾಕಿದೆ, ನಗು ನನ್ನ ಮೇಲೇ ತಿರುಗಿತು. ಈ ದಿನಗಳಲ್ಲಿ ಸಪ್ತರ್ಷಿ ಮಂಡಲ ಪೂರ್ತಿ ಮೂಡುವುದು ಬೆಳಗಿನ ಜಾವ ಮೂರರ ಸುಮಾರಿಗೆ. ಹಾಗಾದರೆ ಕಾರ್ತಿಕದ ಮುಹೂರ್ತದಲ್ಲಿ ಮಧ್ಯಾಹ್ನ ಅದು ಉತ್ತರದಿಂದ ಸ್ವಲ್ಪ ಪಶ್ಚಿಮಕ್ಕೆ, ನಾಲ್ಕು ಮುಷ್ಟಿ ಎತ್ತರದಲ್ಲಿ ನಿಜವಾಗಿಯೂ ಇರುತ್ತದೆ. ಪುರೋಹಿತರ ಬೆರಳು ಅತ್ತ ಇದ್ದರೆ ಅವರು ತಪ್ಪು ತೋರಿಸಿಲ್ಲ. ಅರುಂಧತಿ ಇದ್ದಾಳೆ, ಬಿಸಿಲು ಅಡ್ಡ ಬಂದಿದೆ ಅಷ್ಟೇ. ಅದೇ ಬೆರಳು ವೈಶಾಖದ ಮದುವೆಯಲ್ಲೂ ಅದೇ ಕಡೆ ಹೋದರೆ ಮಾತ್ರ ಸುಳ್ಳು.

ಪಂಚಾಂಗ ಕಣ್ಣಿಗೆ ಒಪ್ಪಬೇಕೋ ಬೇಡವೋ ಎಂಬುದು ನಮ್ಮಲ್ಲಿ ದೊಡ್ಡ ಜಗಳವೇ ಆಗಿತ್ತು. ಒಪ್ಪಬೇಕು ಎಂದವರ ಲೆಕ್ಕಕ್ಕೆ ದೃಗ್ಗಣಿತ ಎಂದು ಹೆಸರು. ದೃಕ್ ಅಂದರೆ ಕಣ್ಣು. ಈ ಪಕ್ಷದ ದೊಡ್ಡ ಹೆಸರು ವೆಂಕಟೇಶ ಬಾಪೂಜಿ ಕೇತಕರ. 1854ರಲ್ಲಿ ನರಗುಂದದಲ್ಲಿ ಹುಟ್ಟಿದವರು, ಬಾಗಲಕೋಟೆಯಲ್ಲಿ ಶಾಲಾ ಮೇಷ್ಟ್ರಾಗಿದ್ದವರು. ಹಗಲು ಮಕ್ಕಳಿಗೆ ಪಾಠ, ಉಳಿದ ಹೊತ್ತು ಗ್ರಹಗಳ ಲೆಕ್ಕ. ಆಗಿನ ಯುರೋಪಿನ ಖಗೋಳ ಕೋಷ್ಟಕಗಳನ್ನು ಅರಗಿಸಿಕೊಂಡು, ಪಂಚಾಂಗ ಮಾಡುವವರ ಕೈಗೆ ಒಗ್ಗುವಂತೆ ಸಂಸ್ಕೃತ ಶ್ಲೋಕಗಳಲ್ಲಿ ಜ್ಯೋತಿರ್ಗಣಿತ ಬರೆದರು. 1911ರಲ್ಲಿ ಫ್ರಾನ್ಸಿನ ಖಗೋಳ ಸಂಘದ ಪತ್ರಿಕೆಯಲ್ಲಿ ಅವರದೊಂದು ಬರಹ ಬಂತು: ನೆಪ್ಚೂನಿನ ಆಚೆ ಇನ್ನೂ ಗ್ರಹಗಳಿವೆ, ಅದರಲ್ಲೊಂದು ಸುಮಾರು 242 ವರ್ಷಕ್ಕೆ ಸೂರ್ಯನನ್ನು ಸುತ್ತುತ್ತದೆ ಎಂದು. 1930ರ ಫೆಬ್ರುವರಿಯಲ್ಲಿ ಅಮೆರಿಕದಲ್ಲಿ ಪ್ಲೂಟೊ ಸಿಕ್ಕಿತು. ಅದರ ಸುತ್ತು 248 ವರ್ಷ. ಅದೇ ವರ್ಷ ಆಗಸ್ಟಿನಲ್ಲಿ ಕೇತಕರರು ತೀರಿಕೊಂಡರು. ಇದನ್ನು ಹಿಡಿದು ಎದೆ ಉಬ್ಬಿಸುವವರಿದ್ದಾರೆ. ಅಷ್ಟು ದೂರ ನಾನು ಹೋಗಲಾರೆ. ಪ್ಲೂಟೊ ಎಷ್ಟು ಹಗುರ ಎಂದರೆ ಅದರ ಎಳೆತದಿಂದ ಬೇರೆ ಗ್ರಹಗಳ ನಡೆ ಬದಲಾಗಿ ಲೆಕ್ಕಕ್ಕೆ ಸಿಗುವುದು ಸಾಧ್ಯವಿಲ್ಲ, ಹಾಗಾಗಿ ಅಂಕಿ ಹತ್ತಿರ ಬಂದದ್ದು ಅದೃಷ್ಟ ಇರಬೇಕು. ನನಗೆ ಹೆಮ್ಮೆ ಎನಿಸುವುದು ಬೇರೆ ವಿಷಯ. ಪಂಚಾಂಗ ಹೇಳಿದ ಹೊತ್ತಿಗೆ ಗ್ರಹಣ ಹಿಡಿಯದಿದ್ದರೆ ತಪ್ಪು ಆಕಾಶದ್ದಲ್ಲ, ಪಂಚಾಂಗದ್ದು ಎಂದು ಬಾಗಲಕೋಟೆಯಲ್ಲಿ ಕೂತು ಹಟ ಹಿಡಿದರಲ್ಲ, ಅದು.

ತಿದ್ದಿಕೊಳ್ಳಬೇಕಾದ ಇನ್ನೊಂದು ಸಂಗತಿ ಇದೆ: ಭೂಮಿಯ ಅಕ್ಷ ನಿಲ್ಲುವ ಮುಂಚಿನ ಬುಗುರಿಯಂತೆ ನಿಧಾನ ತೂಗುತ್ತದೆ, ಒಂದು ಸುತ್ತಿಗೆ ಸುಮಾರು 26,000 ವರ್ಷ. ಅದರಿಂದ ಋತುಗಳಿಗೂ ನಕ್ಷತ್ರಗಳಿಗೂ ಇರುವ ಗಂಟು ಎಪ್ಪತ್ತು ಚಿಲ್ಲರೆ ವರ್ಷಕ್ಕೆ ಒಂದು ದಿನ ಸಡಿಲಾಗುತ್ತದೆ. ವರಾಹಮಿಹಿರನ ಕಾಲದಿಂದ ಈಚೆಗೆ ಇಪ್ಪತ್ತು ದಿನ. ಅವನ ಕಾಲದ ಮೃಗಶಿರಾ ಮಳೆಗೂ ನಮ್ಮದಕ್ಕೂ ಋತುವಿನಲ್ಲಿ ಅಷ್ಟು ವ್ಯತ್ಯಾಸ. ಮಳೆಯ ಗಾದೆಗಳನ್ನು ನಮ್ಮ ಹಿರಿಯರು ಸದ್ದಿಲ್ಲದೆ ಎಷ್ಟು ಸಲ ತಿದ್ದಿಕೊಂಡರೋ. ರೈತ ಗ್ರಂಥ ನೋಡಿ ಬಿತ್ತುವುದಿಲ್ಲವಲ್ಲ.

ರಾತ್ರಿ ಎಂಟರ ಹೊತ್ತಿಗೆ ತಲೆ ಎತ್ತಿದರೆ ನೆತ್ತಿಯ ಹತ್ತಿರ ದೊಡ್ಡ ಚೌಕ ಇದೆ. ಪಡುವಣ ಎರಡು ಪೂರ್ವಾಭಾದ್ರ, ಮೂಡಣ ಎರಡು ಉತ್ತರಾಭಾದ್ರ. ಇವಕ್ಕೆ ಹಳೆಯ ಹೆಸರು ಪ್ರೋಷ್ಠಪದ. ಪ್ರೋಷ್ಠ ಅಂದರೆ ಕೂರುವ ಪೀಠ, ಬೆಂಚು. ನಾಲ್ಕು ತಾರೆ ಪೀಠದ ನಾಲ್ಕು ಕಾಲು. ಹೆಸರಿಟ್ಟವರ ಕಣ್ಣಿಗೆ ಮನೆಯ ಸಾಮಾನೇ ಕಂಡಿತು, ದೇವಲೋಕದ್ದೇನೂ ಅಲ್ಲ. ಪೀಠದ ಈಶಾನ್ಯ ಮೂಲೆಯಿಂದ ಈಶಾನ್ಯಕ್ಕೇ ಎರಡು ತಾರೆ ದಾಟಿ, ಎರಡನೆಯದರಿಂದ ಉತ್ತರಕ್ಕೆ ಹೊರಳಿ ಎರಡು ಸಣ್ಣ ತಾರೆ ಹತ್ತಿದರೆ, ಪಕ್ಕದಲ್ಲೇ ಕನ್ನಡಿಗೆ ಉಸಿರು ಬಿಟ್ಟಂಥ ಮಬ್ಬು. ಬರಿಗಣ್ಣಿಗೆ ಕಾಣುವ ಅತಿ ದೂರದ ವಸ್ತುಗಳಲ್ಲಿ ಅದೊಂದು: ಆಂಡ್ರೊಮಿಡಾ ಗೆಲಾಕ್ಸಿ, 25 ಲಕ್ಷ ಜ್ಯೋತಿರ್ವರ್ಷ. ಸುಮಾರು 964ರಲ್ಲಿ ಪಾರಸಿಕ ಪಂಡಿತ ಅಲ್ ಸೂಫಿ ಅದನ್ನು ಪುಟ್ಟ ಮೋಡ ಎಂದು ಬರೆದಿಟ್ಟ. 1923ರ ಅಕ್ಟೋಬರಿನಲ್ಲಿ ಎಡ್ವಿನ್ ಹಬಲ್ ಅದರ ಫೋಟೊ ತೆಗೆದ. ಅದರಲ್ಲೊಂದು ಚುಕ್ಕಿಯನ್ನು ಹೊಸ ತಾರೆ ಎಂದು ಮೊದಲು ಗುರುತು ಹಾಕಿ, ಹಳೆಯ ಫೋಟೊಗಳೊಡನೆ ಹೋಲಿಸಿದಾಗ ಅದು ಹೊಳಪು ಏರಿಳಿಯುವ ತಾರೆ ಎಂದು ತಿಳಿದು, ಮೊದಲ ಗುರುತನ್ನು ಹೊಡೆದುಹಾಕಿ ಪಕ್ಕದಲ್ಲಿ ಬರೆದ. ಆ ಜಾತಿಯ ತಾರೆಯ ಏರಿಳಿತದ ಅವಧಿಯಿಂದ ದೂರ ತಿಳಿಯುತ್ತದೆ. ಆ ಮಬ್ಬು ನಮ್ಮ ಆಕಾಶಗಂಗೆಯ ಒಳಗಿನದಲ್ಲ, ಹೊರಗೆ ಬೇರೆಯೇ ಒಂದು ಸಂಸಾರ ಎಂದು ಗೊತ್ತಾದದ್ದು ಹಾಗೆ.

ಅಲ್ಲೇ ಉತ್ತರಕ್ಕೆ ಇಂಗ್ಲಿಷಿನ ಡಬ್ಲ್ಯು ಅಕ್ಷರದಂತೆ ಐದು ತಾರೆ, ಕ್ಯಾಸಿಯೋಪಿಯ. ನಮ್ಮ ಕೆಲವು ಪುಸ್ತಕಗಳಲ್ಲಿ ಕುಂತಿ ಎಂದಿದೆ. 1572ರ ನವೆಂಬರ್ 11ರ ಸಂಜೆ ಡೆನ್ಮಾರ್ಕಿನ ಟೈಕೋ ಬ್ರಾಹೆ ಮನೆಗೆ ನಡೆದು ಬರುವಾಗ ಅಲ್ಲಿ ಯಾವತ್ತೂ ಇಲ್ಲದ ಒಂದು ತಾರೆ ಧಗಧಗಿಸುತ್ತಿತ್ತು. ತನ್ನ ಕಣ್ಣನ್ನು ತಾನೇ ನಂಬದೆ ಆಳುಗಳನ್ನು ಕೇಳಿದ, ದಾರಿಹೋಕ ರೈತರನ್ನು ನಿಲ್ಲಿಸಿ ಕೇಳಿದ: ನಿಮಗೂ ಕಾಣುತ್ತಿದೆಯಾ? ಆ ಕಾಲದ ದೊಡ್ಡ ಪಂಡಿತ ಹಾದಿಯಲ್ಲಿ ಹೋಗುವವರ ಸಾಕ್ಷಿ ಕೇಳಿದ ಎಂಬುದು ನನಗೆ ಆ ನಕ್ಷತ್ರದಷ್ಟೇ ದೊಡ್ಡ ವಿಷಯ. ಕೆಲವು ದಿನ ಅದು ಹಗಲಿನಲ್ಲೂ ಕಂಡಿತು, 1574ರ ಹೊತ್ತಿಗೆ ಮಾಯವಾಯಿತು. ತಾರಾಲೋಕದಲ್ಲಿ ಏನೂ ಬದಲಾಗುವುದಿಲ್ಲ ಎಂಬ ನಂಬಿಕೆಯೂ ಅದರ ಹಿಂದೆಯೇ ಹೊರಟಿತು.

ಕುಂತಿಗೂ ಕೃತ್ತಿಕೆಗೂ ನಡುವೆ ಆಲ್ಗಾಲ್ ಎಂಬ ತಾರೆ ಇದೆ. 2 ದಿನ 20 ಗಂಟೆ 49 ನಿಮಿಷಕ್ಕೊಮ್ಮೆ ಅದು ಐದು ಗಂಟೆ ಕಾಲ ಮಂಕಾಗುತ್ತ ಹೋಗಿ, ಮತ್ತೆ ಐದು ಗಂಟೆಯಲ್ಲಿ ಚೇತರಿಸುತ್ತದೆ. ಇಂಗ್ಲೆಂಡಿನ ಯಾರ್ಕ್ ಊರಿನಲ್ಲಿ ಜಾನ್ ಗುಡ್‌ರಿಕ್ ಎಂಬ ಕಿವುಡ ಹುಡುಗ 1782ರ ನವೆಂಬರಿನಲ್ಲಿ ಇದನ್ನು ಗಮನಿಸತೊಡಗಿ, ಮರುವರ್ಷ ಅವಧಿ ಕರಾರುವಾಕ್ಕಾಗಿ ಹೇಳಿದ. ಯಾವುದೋ ಕಪ್ಪು ಕಾಯ ಅದಕ್ಕೆ ಅಡ್ಡ ಬರುತ್ತಿರಬಹುದು ಎಂದೂ ಊಹಿಸಿದ. ನೂರು ವರ್ಷದ ಮೇಲೆ ಅದು ನಿಜವಾಯಿತು: ಅವು ಎರಡು ತಾರೆ, ಒಂದಕ್ಕೊಂದು ಗ್ರಹಣ ಹಿಡಿಸುತ್ತವೆ. ಹಾಗೆ ಊಹಿಸಿದಾಗ ಹುಡುಗನಿಗೆ ಹದಿನೆಂಟು, ತೀರಿಕೊಂಡಾಗ ಇಪ್ಪತ್ತೊಂದು. ಅಕ್ಕಪಕ್ಕದ ತಾರೆಗಳ ಜೊತೆ ಹೊಳಪು ಹೋಲಿಸಿ ಬರೆದುಕೊಂಡದ್ದೇ ಅವನ ಕೆಲಸ. ಹಿಂದಿನ ಸಾಲಿನ ಮಕ್ಕಳೇ, ನೋಟುಬುಕ್ಕು ಇದೆಯಲ್ಲ?

ನಮ್ಮ ಶಾಲೆಯ ಮಕ್ಕಳೂ ಒಮ್ಮೆ ಬರೆದಿದ್ದರು. 2001ರ ನವೆಂಬರ್ 18ರ ರಾತ್ರಿ. ಟೆಂಪಲ್-ಟಟಲ್ ಧೂಮಕೇತು 33 ವರ್ಷಕ್ಕೊಮ್ಮೆ ಬಂದು ದಾರಿಯಲ್ಲಿ ಚೆಲ್ಲಿಹೋಗುವ ಧೂಳನ್ನು ಭೂಮಿ ಪ್ರತಿ ನವೆಂಬರಿನಲ್ಲಿ ಹಾಯುತ್ತದೆ, ಸಿಂಹ ರಾಶಿಯ ಕಡೆಯಿಂದ ಉಲ್ಕೆ ಬಿದ್ದಂತೆ ಕಾಣುತ್ತದೆ. ಸಾಮಾನ್ಯ ವರ್ಷ ಗಂಟೆಗೆ ಹತ್ತು ಹದಿನೈದು. ಆ ವರ್ಷ ಏಷ್ಯಾದ ಪಾಲಿಗೆ ದಟ್ಟ ಧೂಳು ಎಂದು ಲೆಕ್ಕ ಹಾಕಿದ್ದರು. ಮೈದಾನದಲ್ಲಿ ಕಂಬಳಿ ಹಾಸಿ, ನಾಲ್ಕು ದಿಕ್ಕಿಗೆ ನಾಲ್ಕು ಗುಂಪು, ಒಬ್ಬ ಎಣಿಸುವವನು, ಒಬ್ಬ ಗೆರೆ ಎಳೆಯುವವನು. ಹನ್ನೆರಡೂವರೆಯವರೆಗೆ ಏನೂ ಇಲ್ಲ, ಚುರುಮುರಿ ಮುಗಿಯಿತು. ಸಿಂಹ ಮೂಡಿದ್ದೇ ತಡ, ನೆಲದಂಚಿನಿಂದ ನೆತ್ತಿಯವರೆಗೆ ಹಸಿರುಗೆರೆ ಎಳೆದುಕೊಂಡು ಒಂದು ಹೋಯಿತು. ಆಮೇಲೆ ಎರಡು, ಆಮೇಲೆ ಒಟ್ಟಿಗೆ ನಾಲ್ಕು. ಮೂರು ಗಂಟೆಗೆ ಗೆರೆ ಎಳೆಯುವವರೆಲ್ಲ ಪೆನ್ಸಿಲ್ ಕೆಳಗಿಟ್ಟು ಮೇಲೆ ನೋಡುತ್ತಿದ್ದರು. ಎಣಿಕೆ ಕೆಟ್ಟಿತು. ನಾನು ಬೈಯಲಿಲ್ಲ.

ಆ ಮೈದಾನದಲ್ಲಿ ಈಗ ಹೈಮಾಸ್ಟ್ ದೀಪ ಇದೆ. ಹಾಕಿಸಿದವರು ಯಾರು ಎಂದು ಹೇಳುವುದಿಲ್ಲ, ಒಳ್ಳೆಯ ಮನಸ್ಸಿನಿಂದಲೇ ಹಾಕಿಸಿದರು. ಅದರ ಬೆಳಕಿನ ಒಂದು ಪಾಲು ನೆಲಕ್ಕೆ, ಉಳಿದದ್ದು ಆಕಾಶಕ್ಕೂ ಪಕ್ಕದ ಮನೆಗಳ ಕಿಟಕಿಗೂ. ಮೇಲೊಂದು ತಗಡಿನ ಟೋಪಿ ಹಾಕಿ, ರಾತ್ರಿ ಹನ್ನೊಂದರ ಮೇಲೆ ಆರಿಸಿ ಎಂದು ಅರ್ಜಿ ಬರೆದುಕೊಂಡು ಹೋದೆ. ಗುಮಾಸ್ತ ಎರಡು ಸಲ ಓದಿ, ದೀಪ ಬೇಕು ಅಂತ ಬರೋರೇ ಎಲ್ಲಾ, ಬೇಡ ಅಂತ ಬಂದೋರು ನೀವೇ ಮೊದಲು ಮೇಷ್ಟ್ರೇ ಎಂದ. ಅರ್ಜಿಗೆ ನಂಬರು ಬಿದ್ದಿದೆ. ಹಳೆಯ ಸೋಡಿಯಂ ದೀಪದ ಹಳದಿಗಿಂತ ಈ ಬಿಳಿ ಎಲ್‌ಇಡಿ ಕೆಟ್ಟದ್ದು. ಬಿಳಿಯಲ್ಲಿ ನೀಲಿ ಹೆಚ್ಚು, ಗಾಳಿ ನೀಲಿಯನ್ನೇ ಹೆಚ್ಚು ಚೆದುರಿಸುತ್ತದೆ. ಹಗಲು ಆಕಾಶ ನೀಲಿಯಾಗಲು ಯಾವ ಕಾರಣವೋ, ರಾತ್ರಿ ಕೆಡಲೂ ಅದೇ.

ಹೊಸಕೋಟೆಯ ಹತ್ತಿರ ಭಾರತೀಯ ಖಭೌತ ಸಂಸ್ಥೆಯ ಕೇಂದ್ರವೊಂದಿದೆ. ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿರುವ ಎರಡು ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ಅಲ್ಲಿಂದಲೇ ನಡೆಸುತ್ತಾರೆ. ವಿಜ್ಞಾನಿ ಹೊಸಕೋಟೆಯಲ್ಲಿ ಕೂತು ಗುಂಡಿ ಒತ್ತುತ್ತಾನೆ, ಹಿಮಾಲಯದಾಚೆ ಕನ್ನಡಿ ತಿರುಗುತ್ತದೆ. ಆದರೆ ಅವನು ಟೀ ಕುಡಿಯಲು ಹೊರಗೆ ಬಂದು ತಲೆ ಎತ್ತಿದರೆ ಬೆಂಗಳೂರಿನ ಕಡೆ ಆಕಾಶ ಒಲೆಯ ಬಾಯಿಯಂತೆ ಕೆಂಪಗಿರುತ್ತದೆ. 2022ರಲ್ಲಿ ಹಾನ್ಲೆಯ ಸುತ್ತ 1,073 ಚದರ ಕಿಲೋಮೀಟರನ್ನು ಕತ್ತಲ ಆಕಾಶದ ರಕ್ಷಿತ ಪ್ರದೇಶ ಎಂದು ಘೋಷಿಸಿದರು. ಅಲ್ಲಿನ ಹಳ್ಳಿಯವರು ಕಿಟಕಿಗೆ ದಪ್ಪ ಪರದೆ ಕಟ್ಟಿಕೊಂಡು, ಬಂದ ಪ್ರವಾಸಿಗಳಿಗೆ ದೂರದರ್ಶಕ ಇಟ್ಟು ಆಕಾಶ ತೋರಿಸಿ ನಾಲ್ಕು ಕಾಸು ಸಂಪಾದಿಸುತ್ತಾರೆ. ನಾವು ಮಾತ್ರ ಕಾರ್ತಿಕದಲ್ಲಿ ಬಣ್ಣಬಣ್ಣದ ಆಕಾಶಬುಟ್ಟಿ ಕಟ್ಟುತ್ತೇವೆ. ಎಣ್ಣೆಯ ಹಣತೆಯಿಂದ ಯಾವ ನಕ್ಷತ್ರಕ್ಕೂ ತೊಂದರೆ ಆದದ್ದಿಲ್ಲ, ಅದನ್ನು ಒತ್ತಿ ಹೇಳುತ್ತೇನೆ, ನಾಳೆ ಯಾರೂ ನನ್ನ ಮೇಲೆ ಜಗಳಕ್ಕೆ ಬರಬಾರದು.

ಇವತ್ತು ಯಾವ ಗ್ರಹ ಎಲ್ಲಿದೆ ಎಂಬ ಮಾತು ಎತ್ತಲಿಲ್ಲ. ಅವು ಮನೆ ಬದಲಿಸುವ ಬಾಡಿಗೆದಾರರು. ಈ ಪುಸ್ತಿಕೆ ಅಚ್ಚಾಗಿ ನಿಮ್ಮ ಕೈ ಸೇರುವ ಹೊತ್ತಿಗೆ ವಿಳಾಸ ಬೇರೆ ಇರುತ್ತದೆ.

ಏಳೂ ನಲವತ್ತು ಆಗುತ್ತ ಬಂತು. ಮೋಡ ಇಲ್ಲ, ಚಂದ್ರ ಬರುವುದು ನಡುರಾತ್ರಿ ದಾಟಿದ ಮೇಲೆ. ಕೃತ್ತಿಕೆ ನಕ್ಷತ್ರದವರು ಇವತ್ತು ನಿಮ್ಮದನ್ನು ನೋಡಬಹುದು. ಅದರ ಕೆಳಗೆ ಕೆಂಪಗೆ ಈಗ ತಾನೆ ಮೇಲೆ ಬಂದದ್ದು ರೋಹಿಣಿ, 65 ಜ್ಯೋತಿರ್ವರ್ಷ. ನಿಮ್ಮಲ್ಲಿ ಅರವತ್ತೈದರ ಆಸುಪಾಸಿನ ರೋಹಿಣಿಯವರು ಇದ್ದರೆ, ನೀವು ಹುಟ್ಟಿದ ವರ್ಷ ಹೊರಟ ಬೆಳಕು ಇವತ್ತು ಮಾಳಿಗೆಗೆ ಬಂದು ಕಾಯುತ್ತಿದೆ. ಮೃಗಶಿರ, ಆರಿದ್ರಾದವರು ಒಂಬತ್ತು ಗಂಟೆಯವರೆಗೆ ಉಳಿದುಕೊಳ್ಳಬೇಕು, ಉಪ್ಪಿಟ್ಟಿನ ವ್ಯವಸ್ಥೆ ಇದೆ. ಹತ್ತರ ಮೇಲೂ ಇರುವವರಿಗೆ ದಕ್ಷಿಣದ ಅಂಚಿನಲ್ಲಿ ಅಗಸ್ತ್ಯ ಸಿಗುತ್ತಾನೆ. ಅಧ್ಯಕ್ಷರು ದಾರಿಯಲ್ಲಿ ತಮ್ಮದು ವಿಶಾಖ ಎಂದರು. ಕ್ಷಮಿಸಬೇಕು ಸರ್, ನಿಮ್ಮ ನಕ್ಷತ್ರ ಸೂರ್ಯನ ಜೊತೆ ಆಗಲೇ ಮುಳುಗಿದೆ, ವೈಶಾಖದ ಒಂದು ರಾತ್ರಿ ನಾನೇ ಮನೆಗೆ ಬಂದು ತೋರಿಸುತ್ತೇನೆ.

ವಾಚ್‌ಮನ್ ಮೇಲಿನ ದೀಪ ಆರಿಸಿದ್ದಾರೆ. ಮೆಟ್ಟಿಲು ಎಡಗಡೆ, ಮೂರನೆಯದು ಒಡೆದಿದೆ. ಮೊಬೈಲ್ ಬೆಳಕು ಹಾಕಬೇಡಿ, ಗೋಡೆ ಹಿಡಿದುಕೊಂಡು ಬನ್ನಿ.